ಮೊದಲ ಚಾರಣಕ್ಕೆ ಕುದುರೆಮುಖ ಬೇಡ ಮೇಷ್ಟ್ರೇ, ಮೊದಲು ಇಳಿಯುವುದನ್ನು ಕಲಿಯೋಣ

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ, ವಯಸ್ಸು 44. ಮನೆಯಲ್ಲಿ ನಾವು ನಾಲ್ವರು: ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, 67 ವರ್ಷದ ಅಪ್ಪ. ಅಪ್ಪ ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುತ್ತಾರೆ. ಆದರೆ ಮೆಟ್ಟಿಲು ಇಳಿಯುವಾಗ ಬಲಗಾಲಿನ ಮಂಡಿ ಹಿಡಿಯುತ್ತದೆ ಅನ್ನುತ್ತಾರೆ. ನಾವು ಯಾರೂ ಚಾರಣ ಮಾಡಿದವರಲ್ಲ. ಮಗಳು ಕುದುರೆಮುಖದ ಫೋಟೊ ನೋಡಿ ಅಲ್ಲಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ‘ಬೆಟ್ಟದ ಮೇಲೆಲ್ಲ ಬರೀ ಹುಲ್ಲು, ಸಂದಿಯಲ್ಲಿ ಮಾತ್ರ ಕಾಡು, ಯಾಕಪ್ಪ ಹಾಗೆ?’ ಅಂತಲೂ ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ. ದಸರಾ ರಜೆಯಲ್ಲಿ ಹೋಗಬಹುದೇ? ಯಾವ ದಾರಿ ಹಿಡಿಯಬೇಕು?

ಉತ್ತರ: ಮೇಷ್ಟ್ರೇ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೊದಲ ಚಾರಣಕ್ಕೆ ಕುದುರೆಮುಖ ಬೇಡ. ದಸರಾ ರಜೆಯೂ ಬೇಡ. ಸ್ವಾತಿ ಮಳೆ ಕಳೆಯಲಿ, ನವೆಂಬರ್ ಎರಡನೇ ವಾರವೂ ದಾಟಲಿ. ಆಗ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಸರ್ಪದಾರಿ ಹಿಡಿದು ಹೋಗಿ. ಹತ್ತುವುದು ಕಾಲಿನಲ್ಲಿ, ಇಳಿಯುವುದು ಗಾಡಿಯಲ್ಲಿ. ಇದನ್ನು ಕೇಳಿ ನಿಮ್ಮ ಮಗಳ ಮುಖ ಸಪ್ಪಗಾಗುತ್ತದೆ ಅಂತ ಗೊತ್ತು. ಅವಳಿಗೆ ಕುದುರೆಮುಖ ತಪ್ಪಿಸುತ್ತಿಲ್ಲ, ಒಂದು ವರ್ಷ ಮುಂದಕ್ಕೆ ಹಾಕುತ್ತಿದ್ದೇನೆ ಅಷ್ಟೇ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತಂದೆಯವರ ಮಂಡಿಯ ಮಾತು. ಕೊಪ್ಪ, ಕಳಸ, ಮೂಡಿಗೆರೆ ಕಡೆಯ ಗುಡ್ಡಗಳಲ್ಲಿ 28 ವರ್ಷದಿಂದ ಜನರನ್ನು ಕರೆದುಕೊಂಡು ನಡೆಯುತ್ತಿದ್ದೇನೆ. ಹತ್ತಲಾಗದೆ ಕೂತವರು ನನಗೆ ಸಿಕ್ಕಿದ್ದು ಕಡಿಮೆ. ಇಳಿಯಲಾಗದೆ ದಾರಿ ಮಧ್ಯೆ ಕೂತು ಕಣ್ಣೀರು ಹಾಕಿದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಎಲ್ಲರೂ ಶಿಖರದ ಎತ್ತರ ಕೇಳುತ್ತಾರೆ, ಇಳಿಜಾರು ಎಷ್ಟು ದೂರ ಅಂತ ಯಾರೂ ಕೇಳುವುದಿಲ್ಲ. ದಾರಿ ಆರಿಸುವಾಗ ನಾನು ಮೊದಲು ನೋಡುವುದು ಅದನ್ನೇ.

ಹತ್ತುವಾಗ ದಣಿಯುವುದು ಉಸಿರು. ಎರಡು ನಿಮಿಷ ನಿಂತು ಒಂದು ಗುಟುಕು ನೀರು ಕುಡಿದರೆ ಉಸಿರು ಹಿಂದಕ್ಕೆ ಬರುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಒಂದೇ ಮಂಡಿಯ ಮೇಲೆ ಬೀಳುತ್ತದೆ, ಅದೂ ಮೈತೂಕದ ಎರಡು ಮೂರು ಪಟ್ಟಾಗಿ. ಅದನ್ನು ತಡೆದು ಹಿಡಿಯುವ ಕೆಲಸ ತೊಡೆಯ ಮುಂಭಾಗದ ಸ್ನಾಯುವಿನದು. ಆ ಸ್ನಾಯು ಹಿಗ್ಗುತ್ತಲೇ ಬಿಗಿಯಾಗಿಯೂ ಇರಬೇಕು. ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ ಎಷ್ಟು ನಡೆದರೂ ಅದಕ್ಕೆ ಈ ಕೆಲಸದ ಅಭ್ಯಾಸ ಆಗುವುದಿಲ್ಲ. ಹಾಗಾಗಿ ದಿನಾ ನಡೆಯುವವರೂ ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ತೊಡೆ ನಡುಗಿ ನಿಲ್ಲುತ್ತಾರೆ. ಹೆಜ್ಜೆ ಇಟ್ಟಲ್ಲಿ ನಿಲ್ಲುವುದಿಲ್ಲ, ಹಿಮ್ಮಡಿ ಜಾರುತ್ತದೆ, ಪಾದ ಉಳುಕುತ್ತದೆ. ನನ್ನ ಜೊತೆ ಬಂದವರಲ್ಲಿ ಕಾಲು ಉಳುಕಿಸಿಕೊಂಡವರೆಲ್ಲ ಹೆಚ್ಚುಕಡಿಮೆ ಇಳಿಯುವಾಗಲೇ, ಮನೆಗೆ ಇನ್ನೊಂದು ಗಂಟೆ ಅನ್ನುವಾಗಲೇ ಬಿದ್ದವರು.

ಕುದುರೆಮುಖದ ದಾರಿಯನ್ನು ಈಗ ಇದರ ಪಕ್ಕ ಇಟ್ಟು ನೋಡಿ. ಶಿಖರ 1,894 ಮೀಟರ್. ಮುಳ್ಳೋಡಿಯಿಂದ ಹೊರಟು ಲೋಬೋ ಮನೆ, ಒಂಟಿಮರ ದಾಟಿ ತುದಿಗೆ ಹೋಗಿ ಬರಲು 18ರಿಂದ 20 ಕಿಲೋಮೀಟರ್. ತುದಿ ಮುಟ್ಟುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತದೆ, ಮುಂದೆ ಒಂಬತ್ತು ಹತ್ತು ಕಿಲೋಮೀಟರ್ ಇಳಿಯುವುದಿದೆ. ನಡುವೆ ಗಾಡಿ ಬರುವ ಜಾಗವಿಲ್ಲ. ಮಂಡಿ ಕೈಕೊಟ್ಟರೆ ಹೊತ್ತು ತರಬೇಕು, ಬೇರೆ ಉಪಾಯವಿಲ್ಲ. ಆ ದಾರಿಯಲ್ಲಿ ಒಂದೂ ಕಷ್ಟದ ಬಂಡೆಯಿಲ್ಲ, ಹಗ್ಗ ಹಿಡಿಯುವ ಜಾಗವಿಲ್ಲ. ಅದಕ್ಕೇ ಜನ ಸುಲಭ ಅಂದುಕೊಂಡು ಹೋಗುತ್ತಾರೆ. ದೂರವೇ ಅದರ ಕಷ್ಟ.

ಸಮಯದ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ್ದು: ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. 10 ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ ಮೂರು ಗಂಟೆ. ಇದು ತಂಪು ದೇಶದ ಗಟ್ಟಿಕಾಲಿನವರ ಲೆಕ್ಕ. ನಮ್ಮ ಸೆಕೆಗೆ, ಒದ್ದೆ ಕಲ್ಲಿಗೆ, ಮಕ್ಕಳು ಹಿರಿಯರು ಇರುವ ಮನೆಯವರಿಗೆ ನಾನು ಅದನ್ನು ಒಂದೂವರೆ ಪಟ್ಟು ಮಾಡುತ್ತೇನೆ. ಊಟ, ಫೋಟೊ, ಸುಮ್ಮನೆ ಕೂರುವುದಕ್ಕೆ ಒಂದು ಗಂಟೆ ಸೇರಿಸುತ್ತೇನೆ. ಬಂದ ಉತ್ತರ ಎಂಟು ಗಂಟೆ ದಾಟಿದರೆ ಆ ದಾರಿ ಆ ಕುಟುಂಬಕ್ಕೆ ಸದ್ಯಕ್ಕಲ್ಲ. ಚಳಿಗಾಲದಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮರದಡಿಯಲ್ಲಿ ಐದಕ್ಕೇ ಕತ್ತಲು ಕೂತಿರುತ್ತದೆ. ನಿಮ್ಮ ಮಗಳಿಗೇ ಈ ಲೆಕ್ಕ ಕೊಡಿ, ಕುದುರೆಮುಖಕ್ಕೆ ಎಷ್ಟಾಗುತ್ತದೆ ಅಂತ ಅವಳೇ ಮಾಡಿ ನೋಡಲಿ. ಅಪ್ಪ ಬೇಡ ಅಂದರೆ ಬರುವ ಸಿಟ್ಟು, ತಾನೇ ಮಾಡಿದ ಲೆಕ್ಕ ಬೇಡ ಅಂದರೆ ಬರುವುದಿಲ್ಲ.

ಅವಳು ಕೇಳಿದ ಹುಲ್ಲಿನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎಷ್ಟೋ ಜನ ವರ್ಷಕ್ಕೆರಡು ಸಲ ಈ ಗುಡ್ಡ ಹತ್ತುತ್ತಾರೆ, ಒಬ್ಬರೂ ಕೇಳುವುದಿಲ್ಲ. ಪಶ್ಚಿಮ ಘಟ್ಟದ ಎತ್ತರದ ಗುಡ್ಡಗಳ ಮೇಲೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಾಳಿ ಎರಡೂ ನೆಟ್ಟಗೆ ಬಂದು ಬಡಿಯುತ್ತವೆ. ಬೆನ್ನಿನ ಮೇಲೆ ಮಣ್ಣು ತೆಳ್ಳಗೆ, ಬೇರು ಬಿಡಲು ಜಾಗವಿಲ್ಲ. ಬೇಸಗೆಯಲ್ಲಿ ಒಣ ಗಾಳಿ, ಆಗಾಗ ಕಿಚ್ಚು. ಅಲ್ಲಿ ಮರದ ಸಸಿ ನಿಲ್ಲುವುದಿಲ್ಲ, ಹುಲ್ಲು ನಿಲ್ಲುತ್ತದೆ. ಎರಡು ಗುಡ್ಡ ಕೂಡುವ ಕಣಿವೆಯಲ್ಲಿ ಮೇಲಿನಿಂದ ತೊಳೆದು ಬಂದ ಮಣ್ಣು ದಪ್ಪಗೆ ಕೂತಿರುತ್ತದೆ, ನೀರು ಒಸರುತ್ತಿರುತ್ತದೆ, ಗಾಳಿಗೆ ಮರೆ ಇರುತ್ತದೆ. ಕಾಡು ಅಲ್ಲಿ ಹುಟ್ಟುತ್ತದೆ. ಮರಗಳು ಕುಳ್ಳು, ತಲೆ ಒಂದೇ ಸಮಕ್ಕೆ ಕತ್ತರಿಸಿದ ಹಾಗೆ, ಕೊಂಬೆಯ ತುಂಬ ಪಾಚಿ, ಸೀತಾಳೆ. ವಿಜ್ಞಾನಿಗಳು ಇದನ್ನು ಶೋಲಾ ಅನ್ನುತ್ತಾರೆ. ನಮ್ಮ ಕಡೆ ಕಾನು ಅನ್ನುವುದು ರೂಢಿ.

ಮೇಲೆ ಹಿಂದೆ ಕಾಡಿತ್ತು, ಜನ ಕಡಿದರು, ಅದಕ್ಕೇ ಬೋಳಾಯಿತು ಅಂತ ಬಹಳ ದಿನ ನಂಬಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನಲ್ಲಿ ಪದರ ಪದರವಾಗಿ ಕೂತ ಕಪ್ಪು ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. 20 ಸಾವಿರ ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇತ್ತು. ಹವೆ ಒಣಗಿದಾಗ ಹುಲ್ಲು ಮುಂದೆ ಬಂತು, ತೇವವಾದಾಗ ಕಾಡು ಮುಂದೆ ಬಂತು. ಇದು ಗೊತ್ತಿಲ್ಲದ ಕಾಲದಲ್ಲಿ ಹುಲ್ಲುಗಾವಲನ್ನು ಪಾಳು ಜಾಗ ಅಂತ ಎಣಿಸಿ ಎಷ್ಟೋ ಗುಡ್ಡಗಳ ಮೇಲೆ ಅಕೇಶಿಯಾ, ನೀಲಗಿರಿ ನೆಟ್ಟರು. ಅಂಥ ಗುಡ್ಡದ ಕೆಳಗೆ ಹಳ್ಳ ಬೇಗ ಬತ್ತುವುದನ್ನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದನ್ನು ಅವಳಿಗೆ ತಪ್ಪದೆ ಹೇಳಿ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಮಳೆಗಾಲದ ನೀರನ್ನು ಹುಲ್ಲಿನ ಬೇರು ಹಿಡಿದು ಕಾನಿಗೆ ಬಸಿಯುತ್ತದೆ, ಕಾನು ಅದನ್ನು ತಡೆದು ತಡೆದು ಹಳ್ಳಕ್ಕೆ ಬಿಡುತ್ತದೆ. ಅದಕ್ಕೇ ಮಳೆ ನಿಂತು ತಿಂಗಳುಗಳಾದರೂ ಹಳ್ಳ ಹರಿಯುತ್ತಿರುತ್ತದೆ. ದಾವಣಗೆರೆಯ ಗದ್ದೆಗೆ ಭದ್ರಾ ನಾಲೆಯಲ್ಲಿ ಬರುವ ನೀರು ಹೊರಟದ್ದು ಆ ಮಡಿಕೆಗಳಿಂದ. ಅದೇ ಉದ್ಯಾನದೊಳಗೆ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಹುಲ್ಲು ಮತ್ತು ಕಾಡಿನ ಈ ಹೊಂದಾಣಿಕೆ ಅರ್ಥವಾದರೆ ದಾರಿಯೂ ಅರ್ಥವಾಗುತ್ತದೆ. ನೀರು ಬೇಕೇ, ಕಾನಿನ ಅಂಚಿಗೆ ಹೋಗಿ. ಮೇಲೆ ಹುಲ್ಲಿನಲ್ಲಿ ನವೆಂಬರ್ ದಾಟಿದ ಮೇಲೆ ನೀರು ಸಿಗುವುದಿಲ್ಲ, ನೆರಳಂತೂ ಇಲ್ಲವೇ ಇಲ್ಲ. ಕಾಟಿ (ಕಾಡುಕೋಣ), ಕಡವೆ ಮೇಯುವುದು ಹುಲ್ಲಿನಲ್ಲಿ, ಮಲಗುವುದು ಕಾನಿನಲ್ಲಿ. ಬೆಳಗಿನ ಜಾವ, ಸಂಜೆ ಅವು ಆ ಅಂಚಿನಲ್ಲೇ ಇರುತ್ತವೆ. ಕಾನು ಹೊಗುವ ಮುಂಚೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಗಟ್ಟಿಯಾಗಿ ಎರಡು ಮಾತಾಡಿ, ದೊಣ್ಣೆಯಿಂದ ಕಲ್ಲು ತಟ್ಟಿ. ಕಾಟಿ ಮನುಷ್ಯರ ಸದ್ದು ಕೇಳಿದರೆ ತಾನೇ ಸರಿದು ಹೋಗುತ್ತದೆ, ಹಠಾತ್ತಾಗಿ ಎದುರಾದರೆ ಮಾತ್ರ ಅಪಾಯ. ಒಂಟಿ ಗಂಡು ಕಂಡರೆ ನಿಂತಲ್ಲೇ ನಿಂತು ನಿಧಾನ ಹಿಂದೆ ಸರಿಯಿರಿ, ಫೋಟೊ ತೆಗೆಯಲು ಹತ್ತಿರ ಹೋಗಬೇಡಿ.

ಮಂಜಿನ ವಿಷಯ ಹೇಳಲೇಬೇಕು. ಇಪ್ಪತ್ತು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಬಲ್ಲಾಳರಾಯನ ದುರ್ಗದ ಆಚೆ ಐವರನ್ನು ಕರೆದುಕೊಂಡು ಹುಲ್ಲಿನ ಮೇಲೆ ನಡೆಯುತ್ತಿದ್ದೆ. ಹತ್ತು ನಿಮಿಷದಲ್ಲಿ ಮಂಜು ಬಂದು ಕವಿಯಿತು, ಮುಂದೆ ನಡೆಯುವವನ ಬೆನ್ನೇ ಕಾಣದಷ್ಟು. ಹುಲ್ಲಿನಲ್ಲಿ ದನದ ಜಾಡು, ಕಾಟಿಯ ಜಾಡು, ಮನುಷ್ಯರ ಜಾಡು ಮೂರೂ ಒಂದೇ ಥರ. ದಾರಿ ತಪ್ಪಿತು ಅಂತ ಗೊತ್ತಾದ ಮೇಲೆ, ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅಂದುಕೊಂಡು ನೀರಿನ ಜೊತೆ ಇಳಿದೆ. ಸುಮಾರು ಅರ್ಧ ಗಂಟೆ ಆದ ಮೇಲೆ ನೀರಿನ ಸದ್ದು ಬದಲಾಯಿತು. ನಾಲ್ಕು ಹೆಜ್ಜೆ ಮುಂದೆ ಹಳ್ಳ ಬಂಡೆಯಂಚಿನಿಂದ ಬಿದ್ದು ಮಾಯವಾಗುತ್ತಿತ್ತು. ಕಾಲು ಕುಸಿದಂತಾಗಿ ಅಲ್ಲೇ ಕೂತೆ. ಆಮೇಲೆ ಎಲ್ಲರೂ ಮತ್ತೆ ಮೇಲಕ್ಕೆ ಹತ್ತಿ ಹುಲ್ಲಿನಲ್ಲಿ ಕಂಬಳಿ ಹೊದ್ದು ಎರಡು ಗಂಟೆ ಕಾದೆವು. ಮಂಜು ಸರಿದಾಗ ನೋಡಿದರೆ ದಾರಿ ನೂರು ಮಾರು ಆಚೆಗಿತ್ತು.

ಘಟ್ಟದ ಪೂರ್ವಕ್ಕೆ ಹರಿಯುವ ಹಳ್ಳ ಗದ್ದೆ, ತೋಟ, ಊರು ಅಂತ ನಿಧಾನ ಇಳಿಯುತ್ತದೆ. ಪಶ್ಚಿಮಕ್ಕೆ ತಿರುಗಿದ ಹಳ್ಳ ಅಬ್ಬಿಯಾಗಿ ಬೀಳುತ್ತದೆ. ಅದೇ ದುರ್ಗದ ಬದಿಯಲ್ಲಿರುವ ಬಂಡಾಜೆ ಅಬ್ಬಿ ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. (ಘಟ್ಟದ ಕೆಳಗಿನವರು ಅದನ್ನು ತುಳುವಿನಲ್ಲಿ ಬಂಡಾಜೆ ಅರ್ಬಿ ಅನ್ನುತ್ತಾರೆ.) ಮಂಜು ಬಂದರೆ ನಿಲ್ಲಿ. ಕೂತು ಬುತ್ತಿ ಬಿಚ್ಚಿ. ನಡೆಯುವುದಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ, ಹೊಸ ದಾರಿ ಹುಡುಕಬೇಡಿ.

ಸರಿ, ನಿಮ್ಮ ದಾರಿಗೆ ಬರೋಣ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ್ದು. ಮಗಳಿಗೆ ಇದನ್ನು ಮೊದಲೇ ಹೇಳಿ, ಕುದುರೆಮುಖಕ್ಕಿಂತ ಎತ್ತರ ಅಂದರೆ ಅರ್ಧ ಹಟ ಇಳಿಯಬಹುದು. ಸರ್ಪದಾರಿ ಹೆಸರಿಗೆ ತಕ್ಕಂತೆ ಅಂಕುಡೊಂಕಾಗಿ ಹುಲ್ಲಿನ ಬೆನ್ನಿನ ಮೇಲೆ ಏರುತ್ತದೆ. ಮೂರು ನಾಲ್ಕು ಕಿಲೋಮೀಟರ್ ಇರಬಹುದು, ಕೂತು ಎದ್ದು ಹೋದರೂ ಎರಡೂವರೆ ಗಂಟೆ. ಎಡಬಲದ ಕಣಿವೆಗಳಲ್ಲಿ ಕಾನು ಕಪ್ಪಗೆ ಕಾಣುತ್ತಿರುತ್ತದೆ, ಮೇಲೆಲ್ಲ ಹುಲ್ಲು. ಅವಳು ಫೋಟೊದಲ್ಲಿ ನೋಡಿದ್ದು ಇದನ್ನೇ. ತುದಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗುಡಿ. ಗುಡಿಯಿಂದ ಮೆಟ್ಟಿಲಿಳಿದರೆ ಗಾಡಿ ನಿಲ್ಲುವ ಜಾಗ.

ನಾನು ಇದನ್ನು ಆರಿಸಿದ್ದಕ್ಕೆ ಕಾರಣ ಆ ರಸ್ತೆ. ಬೆಳಿಗ್ಗೆ ನಿಮ್ಮನ್ನು ಸರ್ಪದಾರಿಯ ಬುಡದಲ್ಲಿ ಇಳಿಸಿ ಗಾಡಿ ಮೇಲೆ ಬಂದು ಕಾಯಲಿ. ತಂದೆಯವರು ಹತ್ತುತ್ತಾರೆ, ದಿನಾ ನಡೆಯುವವರ ಎದೆ ಗಟ್ಟಿ ಇರುತ್ತದೆ. ಕೊನೆಯ ಮೆಟ್ಟಿಲುಗಳನ್ನಷ್ಟೇ ಇಳಿಯಬೇಕು. ಅದನ್ನು ಕಂಬಿ ಇದ್ದಲ್ಲಿ ಕಂಬಿ ಹಿಡಿದು, ಇಲ್ಲದಲ್ಲಿ ಕೋಲೂರಿ, ಒಂದೊಂದಾಗಿ ಇಳಿಯಲಿ. ಅವರಿಗೆ ನಡುವೆಯೇ ಬೇಸರವಾದರೆ ಮಗಳ ಜೊತೆ ನೀವಿರಿ, ನಿಮ್ಮ ಮನೆಯವರು ಅವರೊಂದಿಗೆ ಹಿಂದಕ್ಕೆ ತಿರುಗಲಿ. ಬೆಟ್ಟದ ರಸ್ತೆಗೆ ವಾಹನಗಳ ನಿಯಮ ಬದಲಾಗುತ್ತಿರುತ್ತದೆ, ಮೊದಲೇ ಬುಕ್ ಮಾಡಬೇಕಾಗಬಹುದು. ಉಳಿಯುವ ಕಡೆ ಎರಡು ದಿನ ಮುಂಚೆ ವಿಚಾರಿಸಿಕೊಳ್ಳಿ. ಶನಿವಾರ ಭಾನುವಾರ ಬಿಟ್ಟು ಹೋದರೆ ಉತ್ತಮ. ನಿಮ್ಮ ಒಂದು ಸಿ.ಎಲ್. ಇದಕ್ಕೆ ಖರ್ಚಾದರೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಈ ಬೆಟ್ಟಸಾಲಿಗೆ ಚಂದ್ರದ್ರೋಣ ಅನ್ನುವ ಹೆಸರಿದೆ, ಅರ್ಧಚಂದ್ರನ ಹಾಗೆ ಬಾಗಿದೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ನೆಟ್ಟರು ಅನ್ನುವ ಕತೆ ಇಲ್ಲಿನದೇ. ಇದೇ ಸಾಲಿನ ದೇವಿರಮ್ಮನ ಬೆಟ್ಟವನ್ನು ದೀಪಾವಳಿಯ ಹೊತ್ತಿಗೆ ಸಾವಿರಾರು ಜನ ಹರಕೆ ಹೊತ್ತು ಹತ್ತುತ್ತಾರೆ. ಅವರಲ್ಲಿ ಎಷ್ಟೋ ಅಜ್ಜಿಯರು ಚಾರಣ ಎಂಬ ಶಬ್ದವನ್ನೇ ಕೇಳಿರುವುದಿಲ್ಲ. ಅವರು ಹತ್ತುವುದನ್ನು ನಾನು ಗಮನಿಸಿದ್ದೇನೆ: ಸಣ್ಣ ಹೆಜ್ಜೆ, ಒಂದೇ ಲಯ, ಅವಸರವಿಲ್ಲ, ಮಾತು ನಿಲ್ಲುವುದಿಲ್ಲ. ಮಾತಾಡುತ್ತ ನಡೆಯಲು ಆಗುತ್ತಿದ್ದರೆ ನಿಮ್ಮ ವೇಗ ಸರಿ ಇದೆ. ಮಾತು ಕಡಿದು ಕಡಿದು ಬರತೊಡಗಿದರೆ ನಿಧಾನಿಸಿ. 2022ರಲ್ಲಿ ಈ ಸಾಲಿನ ಮೇಲೆ ನೀಲಕುರಿಂಜಿ ಅರಳಿತ್ತು, ನಮ್ಮ ಕಡೆ ಗುರ್ಗಿ ಅನ್ನುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗಿಡ. ಆ ಲೆಕ್ಕದಲ್ಲಿ ಅಲ್ಲಿ ಮತ್ತೆ 2034ಕ್ಕೆ. ಅಷ್ಟು ಹೊತ್ತಿಗೆ ನಿಮ್ಮ ಮಗಳು ಕುದುರೆಮುಖಕ್ಕೆ ತನ್ನ ಗೆಳತಿಯರನ್ನು ಕರೆದುಕೊಂಡು ಹೋಗುವಷ್ಟು ದೊಡ್ಡವಳಾಗಿರುತ್ತಾಳೆ.

ಇದು ಚೆನ್ನಾಗಿ ಆದರೆ ಎರಡನೆಯದು ಕೊಡಗಿನ ತಡಿಯಂಡಮೋಳ್, 1,748 ಮೀಟರ್. ಕಕ್ಕಬ್ಬೆಯ ಹತ್ತಿರ ನಾಲ್ಕುನಾಡು ಅರಮನೆಯಿಂದ ದಾರಿ ಶುರು. ಕೊಡಗಿನ ಅರಸು ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು, ಹೋಗುವ ಮುಂಚೆ ಒಳಗೆ ಹೋಗಿ ಚಿತ್ರಗಳನ್ನು ನೋಡಿ. ತುದಿಗೆ ಹೋಗಿ ಬರಲು 13 ಕಿಲೋಮೀಟರ್ ಹತ್ತಿರ. ಮೊದಲು ದಟ್ಟ ಕಾಡಿನ ನೆರಳು, ಆಮೇಲೆ ಹುಲ್ಲು, ಕೊನೆಗೆ ಒಂದು ಕಾನು ತೂರಿ ಕಡಿದಾದ ಏರು. ಈ ದಾರಿಯನ್ನು ನಾನು ಬಹಳ ಇಷ್ಟಪಡುವುದು ಅದರ ಉದಾರತೆಗೆ: ಅರ್ಧಕ್ಕೆ ತಿರುಗಿದವರಿಗೂ ನೋಟ ಪೂರ್ತಿ ಸಿಗುತ್ತದೆ. ಹುಲ್ಲು ಶುರುವಾಗುವಲ್ಲಿ ತಂದೆಯವರು ಕೂತು ನಿಮಗಾಗಿ ಕಾಯಬಹುದು, ಜೊತೆಗೊಬ್ಬರು ಇರಲಿ. ಆ ಕಡೆ ಆನೆ ಇದೆ. ಬೆಳಕು ಪೂರಾ ಹರಿದ ಮೇಲೆ ಹೊರಡಿ, ಹಿಂದಿನ ರಾತ್ರಿ ಆನೆ ಎಲ್ಲಿತ್ತು ಅಂತ ಊರಿನವರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಮೂರನೆಯದು ಮುಂದಿನ ವರ್ಷ, ಕುದುರೆಮುಖ. ತಂದೆಯವರು ಆ ದಿನ ಕಳಸದಲ್ಲಿ ಕಳಸೇಶ್ವರನ ದರ್ಶನ ಮಾಡಿ, ಹೊರನಾಡಿನಲ್ಲಿ ಊಟ ಮಾಡಿ ಆರಾಮವಾಗಿರಲಿ. ನೀವು ಮೂವರು ಸ್ಥಳೀಯ ಗೈಡ್ ಜೊತೆ ಬೆಳಕು ಹರಿಯುವಾಗಲೇ ಹೊರಡಿ. ನನ್ನದೊಂದು ಕಟ್ಟುನಿಟ್ಟು ಇದೆ: ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ತಿರುಗುವುದು, ತುದಿ ಎದುರಿಗೇ ಕಾಣುತ್ತಿದ್ದರೂ. ಎಂಟು ಸಲ ಹಾಗೆ ತಿರುಗಿ ಬಂದಿದ್ದೇನೆ.

ಕುಮಾರಪರ್ವತದ ಹೆಸರನ್ನು ಯಾರಾದರೂ ನಿಮ್ಮ ಕಿವಿಗೆ ಹಾಕುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಅದು 1,500 ಮೀಟರಿಗೂ ಹೆಚ್ಚಿನ ಏರು. ಹತ್ತಿದಷ್ಟನ್ನೂ ಇಳಿಯಬೇಕು. ಅದರ ಯೋಚನೆಯೇ ಸದ್ಯಕ್ಕೆ ಬೇಡ. ಎತ್ತಿನಭುಜ ಚಿಕ್ಕದು, ಚಂದದ್ದು, ಆದರೆ ಕೊನೆಯ ಕಲ್ಲಿನ ಏರು ಮಂಡಿಯವರಿಗಲ್ಲ.

ಅನುಮತಿ ಬಗ್ಗೆ: ಕುದುರೆಮುಖ, ತಡಿಯಂಡಮೋಳ್ ಥರದ ಅರಣ್ಯದ ದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದ ಮೇಲೆ ಈ ಬಿಗಿ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಹಾಕಿದರು. ಬೇಸಗೆಯಲ್ಲಿ ಕಿಚ್ಚಿನ ಭಯಕ್ಕೆ, ಜೋರು ಮಳೆಯಲ್ಲಿ ಜಾರುವ ಭಯಕ್ಕೆ ದಾರಿ ಮುಚ್ಚುತ್ತಾರೆ. ಮುಚ್ಚಿದ್ದಾಗ ಕಳ್ಳದಾರಿ ತೋರಿಸುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ಜೊತೆ ಹೋಗಬೇಡಿ.

ದಸರಾಕ್ಕೆ ಯಾಕೆ ಬೇಡ ಅಂದೆ? ಹಸ್ತ, ಚಿತ್ತೆ ಮಳೆಗಳು ಆಗಿನ್ನೂ ಇರುತ್ತವೆ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬೋಳು ಹುಲ್ಲಿನ ಬೆನ್ನಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಇಂಬಳ ಬೇರೆ. ಬಯಲುಸೀಮೆಯವರು ಜಿಗಣೆ ಅನ್ನುವುದನ್ನು ನಾವು ಇಂಬಳ ಅನ್ನುತ್ತೇವೆ. ಅದು ಕಚ್ಚಿದರೆ ನೋವಿಲ್ಲ, ರೋಗವೂ ತರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಎಂಜಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಸುರಿಯುತ್ತದೆ ಅಷ್ಟೇ. ಎಳೆದು ಕೀಳಬೇಡಿ. ಉಪ್ಪು, ಇಲ್ಲವೇ ಹೊಗೆಸೊಪ್ಪು ಸುಣ್ಣ ಕಟ್ಟಿದ ಬಟ್ಟೆ ತಾಗಿಸಿದರೆ ಉದುರುತ್ತದೆ. ಹೆಣ್ಣುಮಗು ಹೆದರುತ್ತಾಳೆ ಅನ್ನುವ ಚಿಂತೆ ಬೇಡ. ನನ್ನ ಅನುಭವದಲ್ಲಿ ಮಕ್ಕಳು ಅರ್ಧ ಗಂಟೆಯಲ್ಲಿ ಎಣಿಸಲು ಶುರು ಮಾಡುತ್ತಾರೆ, ಕಿರುಚುವುದು ದೊಡ್ಡವರು.

ಇಂಬಳಕ್ಕಿಂತ ನಾನು ಹೆದರುವುದು ಉಣುಗಿಗೆ, ನಿಮ್ಮ ಕಡೆಯ ಉಣ್ಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇದರಿಂದ ಹರಡುತ್ತದೆ. ಮಳೆ ನಿಂತು ತರಗೆಲೆ ಒಣಗಿದ ಮೇಲೆ ಮರಿ ಉಣುಗುಗಳು ಹೆಚ್ಚುತ್ತವೆ, ಸಾಸಿವೆ ಕಾಳಿಗಿಂತ ಸಣ್ಣವು. ಜನವರಿಯಿಂದ ಏಪ್ರಿಲ್‌ವರೆಗೆ ಕಾಯಿಲೆ ಜೋರು. ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗಿನ ತಿಂಗಳನ್ನು ನಾನು ಆರಿಸಿದ್ದಕ್ಕೆ ಇದೂ ಕಾರಣ: ಇಂಬಳ ಕಡಿಮೆಯಾಗಿರುತ್ತದೆ, ಉಣುಗು ಇನ್ನೂ ಏರಿರುವುದಿಲ್ಲ, ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ, ಆಕಾಶ ತೊಳೆದ ಹಾಗೆ. ಆದರೂ ಎಚ್ಚರ ಬೇಕು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತರಗೆಲೆಯ ಮೇಲೆ ಕೂರಬೇಡಿ, ಕಲ್ಲಿನ ಮೇಲೆ ಕೂರಿ. ಉಳಿಯುವ ಕಡೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಚೀಲಕ್ಕೆ. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ. ದಾರಿಯಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆವು’ ಅಂತ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ದಾವಣಗೆರೆಯ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕಿಲ್ಲ.

ಹಾವಿನ ಬಗ್ಗೆ ಒಂದೇ ಮಾತು. ಕೈ ಇಡುವ ಕೊಂಬೆ, ಕಲ್ಲು ನೋಡಿ ಇಡಿ. ಗುಳಿಮಂಡಲ ಹಸಿರು ಎಲೆಯ ನಡುವೆ ಹಸಿರಾಗಿಯೇ ಕೂತಿರುತ್ತದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೊರಡಬೇಕು.

ಸಾಮಾನಿಗೆ ದುಡ್ಡು ಸುರಿಯಬೇಡಿ. ಹಲ್ಲು ಆಳವಾಗಿರುವ ಶೂ ಒಂದು ಜೊತೆ, ಬೆರಳ ತುದಿಗೂ ಶೂಗೂ ನಡುವೆ ಅರ್ಧ ಇಂಚು ಜಾಗ ಇರಲಿ. ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹೊಸ ಶೂ ಆದರೆ ಎರಡು ವಾರ ಶಾಲೆಗೆ ಹಾಕಿಕೊಂಡು ಹೋಗಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದು ಪ್ಯಾಕೆಟ್ ಓಆರ್‌ಎಸ್. ಟಾರ್ಚ್ ಇರಲಿ, ಮೊಬೈಲಿನದಲ್ಲ. ಬಿಸಿಲಿದ್ದರೂ ಒಂದು ಬೆಚ್ಚನೆ ಅಂಗಿ ಬೇಕು, ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಇಳಿಯುತ್ತದೆ, ಬೆವರಿದ ಮೈಗೆ ಗಾಳಿ ಹೊಡೆದರೆ ನಡುಕ ಬರುತ್ತದೆ. ಬುತ್ತಿಗೆ ರೊಟ್ಟಿ ಚಟ್ನಿಪುಡಿ, ಬೆಲ್ಲ, ಹುರಿಗಡಲೆ. ನಿಮ್ಮೂರ ಮಂಡಕ್ಕಿ ಬಾಯಿಗೆ ರುಚಿ, ಕಾಲಿಗೆ ಸಾಲದು. ತಂದ ಕವರೆಲ್ಲ ಚೀಲದಲ್ಲೇ ವಾಪಸ್ ಹೋಗಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟಕ್ಕೆ ಬರುತ್ತೀರಿ ಅಂತ ಉಳಿಯುವ ಮನೆಯವರಿಗೆ ಹೇಳಿ ಹೊರಡಿ, ಗುಡ್ಡದ ಮೇಲೆ ಫೋನು ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಇನ್ನೊಂದು ಸೂಕ್ಷ್ಮ. ನಮ್ಮ ಹಳೆಯ ಘಟ್ಟದ ಹಾದಿಗಳನ್ನು ಹೇರೆತ್ತುಗಳು ತುಳಿದು ಮಾಡಿದ್ದು. ಕರಾವಳಿಯಿಂದ ಉಪ್ಪು ಹೊತ್ತು ಮೇಲೆ ಬರುವ ಎತ್ತು ನೇರ ಏರಿಗೆ ಹತ್ತುವುದಿಲ್ಲ, ಓರೆಯಾಗಿ ಸುತ್ತಿ ಸುತ್ತಿ ಬರುತ್ತದೆ. ಅಂಥ ದಾರಿ ಮಂಡಿಗೂ ಹಿತ, ಮಣ್ಣಿಗೂ ಹಿತ. ಈಗ ಆ ತಿರುವುಗಳನ್ನು ಕತ್ತರಿಸಿ ನೆಟ್ಟಗೆ ಇಳಿಯುವ ಅಡ್ಡದಾರಿಗಳು ಎಲ್ಲ ಕಡೆ ಹುಟ್ಟಿಕೊಂಡಿವೆ. ಒಂದು ಮಳೆಗಾಲಕ್ಕೆ ಅವು ಚರಂಡಿಯಾಗುತ್ತವೆ, ಎರಡನೆಯದಕ್ಕೆ ಕೊರಕಲು. ಎಷ್ಟು ಹತ್ತಿರ ಕಂಡರೂ ಅಡ್ಡದಾರಿಗೆ ಕಾಲಿಡಬೇಡಿ, ಮಗಳಿಗೂ ಇದನ್ನು ಹೇಳಿಕೊಡಿ.

ಈಗಿನಿಂದ ನವೆಂಬರಿನವರೆಗೆ ಏನು ಮಾಡಬೇಕು? ಮೊದಲು ತಂದೆಯವರ ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಿ, ‘ಬೆಟ್ಟ ಹತ್ತಬಹುದೇ’ ಅಂತ ಕೇಳುವುದರ ಜೊತೆಗೆ ‘ಇಳಿಯಬಹುದೇ’ ಅಂತಲೂ ಕೇಳಿ. ಅವರು ಒಪ್ಪಿದರೆ ಮನೆಯ ಮೆಟ್ಟಿಲನ್ನು ವಾರಕ್ಕೆ ನಾಲ್ಕು ದಿನ ಹತ್ತು ಸಲ ಇಳಿಯಿರಿ, ನೀವು ನಾಲ್ವರೂ. ಕಾಲನ್ನು ಧೊಪ್ಪನೆ ಬಿಡಬಾರದು, ಸದ್ದಿಲ್ಲದೆ ಇಡಬೇಕು, ಮಂಡಿ ಸ್ವಲ್ಪ ಬಾಗಿರಬೇಕು. ಕೋಲನ್ನು ಒಂದು ಹೆಜ್ಜೆ ಕೆಳಗೆ ಮೊದಲು ಊರಿ ಆಮೇಲೆ ಕಾಲಿಡುವುದನ್ನು ಅಭ್ಯಾಸ ಮಾಡಿಸಿ. ಎರಡು ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಬೆಳಿಗ್ಗೆ ಬೇಗ ಕೋಟೆ ಹತ್ತಿ, ಇಳಿಯುವಾಗ ಗಡಿಯಾರ ನೋಡಿಕೊಳ್ಳಿ. ಮಾರನೇ ದಿನ ತೊಡೆ ಹಿಡಿದರೆ ಭಯ ಬೇಡ, ಅದು ಸ್ನಾಯು ಕಲಿಯುತ್ತಿರುವ ಗುರುತು. ಮಂಡಿಯ ಗಂಟು ಊದಿಕೊಂಡರೆ ಮಾತ್ರ ನಿಲ್ಲಿಸಿ.

ಕೋಟೆಯಿಂದ ಇಳಿಯಲು ತಂದೆಯವರಿಗೆ ಎಷ್ಟು ಹೊತ್ತು ಹಿಡಿಯಿತು, ಮರುದಿನ ಮಂಡಿ ಹೇಗಿತ್ತು, ಇವೆರಡನ್ನು ಮಗಳ ಕೈಯಲ್ಲಿ ಬರೆಸಿ ಕಳಿಸಿ. ಅದನ್ನು ನೋಡಿ, ಸರ್ಪದಾರಿಯನ್ನು ಅವರು ಬುಡದಿಂದ ಹತ್ತಬೇಕೋ, ಗಾಡಿಯಲ್ಲಿ ಮೇಲೆ ಬಂದು ನಿಮ್ಮನ್ನು ಎದುರುಗೊಳ್ಳಬೇಕೋ ಅನ್ನುವುದನ್ನು ತಿಳಿಸುತ್ತೇನೆ.